ಇಂಗ್ಲಿಷಿನ ಸಂಬಂಧವಾಕ್ಯವೂ ಕನ್ನಡದ ಕೃದಂತವೂ

ಸ್ಕಂದಗಿರಿಯು ಚಿಕ್ಕಬಳ್ಳಾಪುರದ ಸಮೀಪದಲ್ಲಿದೆ. ಸ್ಕಂದಗಿರಿಯ ಮೇಲೆ ಹಾಳುಬಿದ್ದ ಕೋಟೆಯೊಂದಿದೆ. ಈ ಎರಡು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆದು, ಸಂಬಂಧಾರ್ಥಕ ಸರ್ವನಾಮದಿಂದ ಒಂದುಗೂಡಿಸೆಂದು ಪ್ರೌಢತರಗತಿಯ ವಿದ್ಯಾರ್ಥಿಗೆ ಕೊಟ್ಟರೆ, ಅವನು ಕ್ಷಣಮಾತ್ರದಲ್ಲಿ ‘ವಿಚ್’ ಎಂಬ ಶಬ್ದವನ್ನು ನಡುವೆ ಸೇರಿಸಿ ಒಂದು ವಾಕ್ಯವನ್ನು ಮಾಡಿಕೊಡುತ್ತಾನೆ. ವ್ಯಾಕರಣದೋಷವಿಲ್ಲ, ಉಪಾಧ್ಯಾಯರು ಪೂರ್ಣಾಂಕಗಳನ್ನು ಕೊಡುತ್ತಾರೆ. ಆದರೆ ಹೀಗೆ ಒಂದುಗೂಡಿಸುವ ರೀತಿಗಳು ಎರಡುಂಟೆಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಚಿಕ್ಕಬಳ್ಳಾಪುರದ ಸಮೀಪದಲ್ಲಿರುವ ಸ್ಕಂದಗಿರಿಯ ಮೇಲೆ ಕೋಟೆಯಿದೆ ಎಂಬುದು ಒಂದು. ಕೋಟೆಯುಳ್ಳ ಸ್ಕಂದಗಿರಿಯು ಚಿಕ್ಕಬಳ್ಳಾಪುರದ ಸಮೀಪದಲ್ಲಿದೆ ಎಂಬುದು ಇನ್ನೊಂದು. ದಾರಿ ಕೇಳುವ ಪ್ರಯಾಣಿಕನಿಗೆ ಎರಡನೆಯದು ಉತ್ತರ. ಬೆಟ್ಟದ ಮೇಲೆ ನೋಡತಕ್ಕದ್ದೇನಿದೆಯೆಂದು ಕೇಳುವವನಿಗೆ ಮೊದಲನೆಯದು ಉತ್ತರ. ಒಬ್ಬನಿಗೆ ಕೊಡಬೇಕಾದ ಉತ್ತರವನ್ನು ಇನ್ನೊಬ್ಬನಿಗೆ ಕೊಟ್ಟರೆ ಮಾತು ಶುದ್ಧವಾಗಿದ್ದೂ ವ್ಯರ್ಥವಾಗುತ್ತದೆ.

19ನೆಯ ಶತಮಾನದ ಕೊನೆಯಿಂದ ಹಿಂದೂದೇಶದ ಪಾಠಶಾಲೆಗಳಲ್ಲಿ ಬಹುಕಾಲ ಆಳಿದ ನೆಸ್‌ಫೀಲ್ಡನ ವ್ಯಾಕರಣವೂ, 1930ರ ದಶಕದಿಂದ ಅದರ ಸ್ಥಾನಕ್ಕೆ ಬಂದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವೂ ಈ ಒಂದುಗೂಡಿಸುವ ಅಭ್ಯಾಸವನ್ನು ಮನೆಮನೆಗೂ ಮುಟ್ಟಿಸಿದವು. ಅವು ದುಷ್ಟ ಗ್ರಂಥಗಳೆಂದು ಯಾರೂ ಹೇಳಲಾರರು. ಸಂಬಂಧಾರ್ಥಕ ಸರ್ವನಾಮಕ್ಕೆ ನಿಯಮಿಸುವ ಪ್ರಯೋಗ, ಮುಂದುವರಿಸುವ ಪ್ರಯೋಗ ಎಂಬ ಎರಡು ವಿಧಗಳುಂಟೆಂದು ಅವೇ ಹೇಳಿಕೊಡುತ್ತವೆ. ಆದರೆ ಲಕ್ಷಣವನ್ನು ಹೇಳಿ ನಾಲ್ಕು ಉದಾಹರಣೆಗಳನ್ನು ಕೊಟ್ಟು ಮುಂದೆ ಸಾಗುವ ಆ ಗ್ರಂಥಗಳು ವಿದ್ಯಾರ್ಥಿಯ ಮನೆಮಾತು ಯಾವುದೆಂದು ಕೇಳುವುದೇ ಇಲ್ಲ. ಲಾಹೋರಿನ ಹುಡುಗನಿಗೂ ಗೌರಿಬಿದನೂರಿನ ಹುಡುಗನಿಗೂ ಅವುಗಳ ಪಾಠ ಒಂದೇ. ಎಡವುವ ಕಲ್ಲು ಒಂದೊಂದು ಊರಿನಲ್ಲಿ ಒಂದೊಂದು ಕಡೆ ಇರುತ್ತದೆಯೆಂಬ ವಿಚಾರವು ಅವುಗಳಲ್ಲಿ ಕಾಣದು.

ಒಂದುಗೂಡಿಸುವ ಅಭ್ಯಾಸದ ಮೇಲೆ ಹೇಳಬೇಕಾದ ಮುಖ್ಯ ಆಕ್ಷೇಪವನ್ನು ಸಂಸ್ಕೃತದ ಆಲಂಕಾರಿಕರು ಎಂದೋ ಹೇಳಿಟ್ಟಿದ್ದಾರೆ. 11ನೆಯ ಶತಮಾನದ ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ದೋಷಗಳನ್ನು ನಿರೂಪಿಸುವಾಗ ಅವಿಮೃಷ್ಟವಿಧೇಯಾಂಶವೆಂಬುದೊಂದನ್ನು ಹೇಳಿ, ಅಲ್ಲಿಯೇ ಯಚ್ಛಬ್ದ ತಚ್ಛಬ್ದಗಳ ಪ್ರಯೋಗವನ್ನು ವಿಸ್ತಾರವಾಗಿ ವಿಚಾರಮಾಡುತ್ತಾನೆ. ಕೇಳುವವನಿಗೆ ಮೊದಲೇ ತಿಳಿದಿರುವುದು ಉದ್ದೇಶ್ಯ. ಹೊಸದಾಗಿ ತಿಳಿಸಬೇಕಾದುದು ವಿಧೇಯ. ವಿಧೇಯವನ್ನು ಗೌಣಸ್ಥಾನದಲ್ಲಿ ಅಡಗಿಸಿದರೆ ದೋಷ. ಇಂಗ್ಲಿಷಿನ ‘ಹೂ’, ‘ವಿಚ್’ ಶಬ್ದಗಳಿಂದ ಆರಂಭವಾಗುವ ಅಂಗವಾಕ್ಯವು ಸಾಮಾನ್ಯವಾಗಿ ಗೌಣಸ್ಥಾನವೇ. ಆದುದರಿಂದ ಹೊಸ ಸಂಗತಿಯು ಪ್ರಧಾನವಾಕ್ಯದಲ್ಲಿರಬೇಕು, ತಿಳಿದ ಸಂಗತಿ ಅಂಗವಾಕ್ಯದಲ್ಲಿರಬೇಕು. ಇಷ್ಟನ್ನು ಅರ್ಧಗಂಟೆಯಲ್ಲಿ ಹೇಳಿಕೊಡಬಹುದು. ಹೇಳದೆ ವರ್ಷಗಟ್ಟಲೆ ಒಂದುಗೂಡಿಸುವ ಅಭ್ಯಾಸಗಳನ್ನು ಮಾಡಿಸಿದರೆ, ಬರುವ ಫಲವು ಹೊಲಿಗೆಯನ್ನು ಮಾತ್ರ ಕಲಿತು ಅಳತೆಯನ್ನು ಕಲಿಯದ ದರ್ಜಿಯ ವಿದ್ಯೆಯಂತಾಗುತ್ತದೆ.

ಇನ್ನು ಎಡವುವ ಕಲ್ಲಿನ ವಿಚಾರ. ದ್ರಾವಿಡಭಾಷೆಗಳಿಗೆ ಸ್ವಂತವಾದ ಸಂಬಂಧಾರ್ಥಕ ಸರ್ವನಾಮವಿಲ್ಲ, ಅದರ ಕೆಲಸವನ್ನು ಕ್ರಿಯಾಪದದಿಂದ ಹುಟ್ಟಿದ ಒಂದು ವಿಶೇಷಣರೂಪವು ಮಾಡುತ್ತದೆ ಎಂದು ಕಾಲ್ಡ್‌ವೆಲ್ಲನು 1856ರಲ್ಲಿಯೇ ಬರೆದನು. ‘ಬಂದ ಹುಡುಗ’, ‘ಓದಿದ ಪುಸ್ತಕ’ ಎಂಬಲ್ಲಿನ ‘ಬಂದ’, ‘ಓದಿದ’ ಎಂಬುವೇ ಆ ರೂಪಗಳು. ಕೆಲವರು ಇದನ್ನು ಕನ್ನಡದ ಕೊರತೆಯೆಂದು ಭಾವಿಸಿದ್ದುಂಟು. ಕೊರತೆಯೋ ಸಂಪತ್ತೋ ಎಂಬುದು ಉದಾಹರಣೆಗಳನ್ನು ನೋಡಿದರೆ ತಿಳಿಯುತ್ತದೆ. ‘ಬಂದ ಹುಡುಗ’ ಎಂದರೆ ಹುಡುಗನು ಕರ್ತೃ. ‘ಓದಿದ ಪುಸ್ತಕ’ ಎಂದರೆ ಪುಸ್ತಕವು ಕರ್ಮ. ‘ರಾಗಿ ಕೊಯ್ದ ಕುಡುಗೋಲು’ ಎಂದರೆ ಕುಡುಗೋಲು ಕರಣ. ‘ಸಾಹುಕಾರನು ಸಾಲ ಕೊಟ್ಟ ರೈತ’ ಎಂದರೆ ರೈತನು ಸಂಪ್ರದಾನ. ‘ನೀರು ಸೇದಿದ ಬಾವಿ’ ಎಂಬಲ್ಲಿ ಅಪಾದಾನ. ‘ಅಜ್ಜ ಮಲಗಿದ ಮಂಚ’ ಎಂಬಲ್ಲಿ ಅಧಿಕರಣ. ‘ತಂದೆ ಸತ್ತ ಹುಡುಗ’, ‘ಕಾಲು ಮುರಿದ ಕುರ್ಚಿ’ ಎಂಬಲ್ಲಿ ಷಷ್ಠಿಯ ಸಂಬಂಧ. ಕಡೆಗೆ ‘ಅವನು ಬಂದ ಸುದ್ದಿ’ ಎಂಬಲ್ಲಿ ಯಾವ ಕಾರಕವೂ ಇಲ್ಲ; ಬಂದದ್ದೇ ಸುದ್ದಿ. ಇಷ್ಟೆಲ್ಲಕ್ಕೂ ಕನ್ನಡದಲ್ಲಿ ರೂಪ ಒಂದೇ. ವಿಭಕ್ತಿಪ್ರತ್ಯಯವು ಎಲ್ಲಿಯೂ ಹೊರಗೆ ಕಾಣುವುದಿಲ್ಲ. ಕುಡುಗೋಲು ತಾನೇ ರಾಗಿಯನ್ನು ಕೊಯ್ಯಲಾರದು, ಮಂಚವು ಮಲಗಲಾರದು ಎಂಬ ಯೋಗ್ಯತಾಜ್ಞಾನವೇ ಕೇಳುವವನಿಗೆ ಕಾರಕವನ್ನು ತೋರಿಸುತ್ತದೆ. ಇಷ್ಟು ಭಾರವನ್ನು ಕೇಳುವವನ ಬುದ್ಧಿಯ ಮೇಲೆ ಹೊರಿಸಿ ಇಷ್ಟು ಹಗುರವಾಗಿ ನಡೆಯುವ ವಾಕ್ಯರಚನೆಯನ್ನು ಬಡತನವೆನ್ನುವುದು ನ್ಯಾಯವಲ್ಲ.

ಆದರೆ ಈ ಹಗುರವೇ ಇಂಗ್ಲಿಷಿನಲ್ಲಿ ಆಪತ್ತಾಗುತ್ತದೆ. ಅಲ್ಲಿ ಕಾರಕವನ್ನು ಬಾಯಿಬಿಟ್ಟು ಹೇಳದೆ ಗತ್ಯಂತರವಿಲ್ಲ. ಕುಡುಗೋಲಿಗೆ ‘ವಿತ್ ವಿಚ್’, ರೈತನಿಗೆ ‘ಟು ಹೂಮ್’, ಬಾವಿಗೆ ‘ಫ್ರಮ್ ವಿಚ್’, ಮಂಚಕ್ಕೆ ‘ಆನ್ ವಿಚ್’, ಹುಡುಗನಿಗೆ ‘ಹೂಸ್’ ಎಂದು ಒಂದೊಂದಕ್ಕೂ ಬೇರೆ ಬೇರೆ ಬಾಗಿಲು. ಕನ್ನಡದ ಹುಡುಗನು ಎಲ್ಲಕ್ಕೂ ‘ವಿಚ್’ ಎಂಬ ಒಂದೇ ಬಾಗಿಲನ್ನು ತಟ್ಟುತ್ತಾನೆ; ‘ದಿ ಸಿಕಲ್ ವಿಚ್ ಹಿ ಕಟ್ ದಿ ರಾಗಿ’ ಎಂದು ಬರೆಯುತ್ತಾನೆ. ‘ಅವನು ಬಂದ ಸುದ್ದಿ’ಯನ್ನು ‘ದಿ ನ್ಯೂಸ್ ವಿಚ್ ಹಿ ಕೇಮ್’ ಎಂದು ಮಾಡುತ್ತಾನೆ. ಅಲ್ಲಿರಬೇಕಾದ ‘ದಟ್’ ಸಂಬಂಧಾರ್ಥಕ ಸರ್ವನಾಮವೇ ಅಲ್ಲವೆಂಬುದು ಅವನಿಗೆ ತೋಚುವುದಿಲ್ಲ. ಉಪಾಧ್ಯಾಯರು ಕೆಂಪುಮಸಿಯಿಂದ ಗೀಟೆಳೆದು ಉಪಸರ್ಗವನ್ನು ಸೇರಿಸುತ್ತಾರೆ. ಏಕೆ ಸೇರಿಸಿದರೆಂದು ಅವನಿಗೆ ತಿಳಿಯದು. ಮುಂದಿನ ವಾರ ಅದೇ ತಪ್ಪು. ಇದನ್ನು ಮಂದಬುದ್ಧಿಯೆಂದು ತಿಳಿಯುವುದು ದೊಡ್ಡ ಅನ್ಯಾಯ. ತನ್ನ ಭಾಷೆಯು ಮಾತಿಲ್ಲದೆ ಮಾಡುವ ಕೆಲಸವನ್ನು ಇನ್ನೊಂದು ಭಾಷೆಯು ಮಾತಿನಿಂದ ಮಾಡುತ್ತದೆಯೆಂದು ಅವನಿಗೆ ಯಾರಾದರೂ ತೋರಿಸಿಕೊಡಬೇಕಲ್ಲವೆ?

ತೋರಿಸುವ ಸಾಧನವು ದೂರದಲ್ಲಿಲ್ಲ. ಸಂಸ್ಕೃತವನ್ನು ಎರಡನೆಯ ಭಾಷೆಯಾಗಿ ಓದಿದ ಹುಡುಗನಿಗೆ ಯಚ್ಛಬ್ದದ ರೂಪಗಳು ಕಂಠಸ್ಥವಾಗಿರುತ್ತವೆ: ಯೇನ, ಯಸ್ಮೈ, ಯಸ್ಮಾತ್, ಯಸ್ಯ, ಯಸ್ಮಿನ್. ಇಂಗ್ಲಿಷು ಉಪಸರ್ಗದಿಂದ ಮಾಡುವುದನ್ನೇ ಇಲ್ಲಿ ವಿಭಕ್ತಿ ಮಾಡುತ್ತದೆ. ‘ಕೊಯ್ದ ಕುಡುಗೋಲು’ ಎಂಬುದನ್ನು ಮನಸ್ಸಿನಲ್ಲಿ ‘ಯೇನ’ ಎಂದು ಬಿಡಿಸಿಕೊಂಡರೆ ‘ವಿತ್ ವಿಚ್’ ತಾನಾಗಿ ಬರುತ್ತದೆ. ಸಂಸ್ಕೃತವಿಲ್ಲದವನು ‘ಕುಡುಗೋಲಿನಿಂದ ರಾಗಿಯನ್ನು ಕೊಯ್ದನು’ ಎಂದು ಕೃದಂತವನ್ನು ಪೂರ್ಣವಾಕ್ಯವಾಗಿ ಬಿಡಿಸಿಕೊಂಡರೂ ಸಾಕು. ಕಳೆದುಹೋಗಿದ್ದ ತೃತೀಯಾವಿಭಕ್ತಿ ಅಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಹಾಗೆಂದು ಸಂಸ್ಕೃತದ ದಾರಿಯಲ್ಲಿ ಅಪಾಯವಿಲ್ಲವೆನ್ನಲಾಗದು. ಯತ್ತಿಗೂ ತತ್ತಿಗೂ ನಿತ್ಯಸಂಬಂಧ; ಯತ್ ಬಂದಲ್ಲಿ ತತ್ ಬರಲೇಬೇಕು, ಬಾರದಿದ್ದರೆ ಆಕಾಂಕ್ಷೆಯಿಂದ ತಂದುಕೊಳ್ಳಬೇಕು. ಈ ಸಂಸ್ಕಾರವು ಬಲವಾಗಿರುವವರು ‘ದಿ ಮ್ಯಾನ್ ಹೂ ಕೇಮ್ ಯೆಸ್ಟರ್‌ಡೇ, ಹಿ ಈಸ್ ಮೈ ಅಂಕಲ್’ ಎಂದು ಬರೆಯುತ್ತಾರೆ. ಆ ‘ಹಿ’ ಎಂಬುದು ಇಂಗ್ಲಿಷಿನಲ್ಲಿ ಅಧಿಕಪದ. ಇನ್ನೊಂದು, ಸಂಸ್ಕೃತದಲ್ಲಿ ಯತ್ತಿನ ವಾಕ್ಯವು ಬಹುಮಟ್ಟಿಗೆ ಮೊದಲು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ನಾಮಪದವು ಮೊದಲು, ಅಂಗವಾಕ್ಯವು ಅದರ ಬೆನ್ನಿಗೆ.

ಈ ಸೀಮೆಯಲ್ಲಿ ಇನ್ನೊಂದು ವಿಶೇಷವುಂಟು. ಚಿಂತಾಮಣಿ, ಬಾಗೇಪಲ್ಲಿಗಳ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ನಡೆಯುತ್ತದೆ. ‘ನಿನ್ನ ವಚ್ಚಿನ ಪಿಲ್ಲವಾಡು’ ಎಂಬುದು ‘ನಿನ್ನೆ ಬಂದ ಹುಡುಗ’ ಎಂಬುದಕ್ಕೆ ಪದಕ್ಕೆ ಪದ ಸಮ. ಉರ್ದು ಮಾತನಾಡುವ ಮನೆಗಳ ಮಕ್ಕಳಿಗೆ ‘ಜೋ’ ಎಂಬ ಸಂಬಂಧಾರ್ಥಕ ಸರ್ವನಾಮವಿರುವುದರಿಂದ ಈ ಕಷ್ಟವಿರಲಾರದೆಂದು ಊಹಿಸಬಹುದು; ಆದರೆ ದಖನಿಯು ದ್ರಾವಿಡಭಾಷೆಗಳ ನೆರೆಯಲ್ಲಿ ಬಾಳಿ ‘ಕಲ್ ಆಯಾ ಸೋ ಲಡ್ಕಾ’ ಎಂದು ಕನ್ನಡದ ಅಚ್ಚಿನಲ್ಲಿಯೇ ಮಾತನ್ನು ಎರಕಹೊಯ್ದುಕೊಂಡಿದೆ. ಮೂರು ಮನೆಮಾತುಗಳ ಮಕ್ಕಳೂ ಒಂದೇ ಕಲ್ಲಿಗೆ ಎಡವುವ ಕಡೆಯಲ್ಲಿ, ಆ ಕಲ್ಲನ್ನು ತೋರಿಸುವ ಒಂದು ಪುಟವಾದರೂ ಪಾಠಪುಸ್ತಕದಲ್ಲಿರಬೇಡವೆ?

ಈ ನೆಲದಿಂದಲೇ ಹೊರಟು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಇಲ್ಲಿ ಸಹಜವಾಗಿ ನೆನಪಿಗೆ ಬರುತ್ತದೆ. ಅವರ ಮುದ್ದೇನಹಳ್ಳಿಯು ಸ್ಕಂದಗಿರಿ, ನಂದಿಗಳ ನೆರೆಯ ಹಳ್ಳಿ. ಮನೆತನದ ಮೂಲ ತೆಲುಗು ನಾಡು, ತಂದೆ ಸಂಸ್ಕೃತ ವಿದ್ವಾಂಸರು, ಶಾಲೆ ಚಿಕ್ಕಬಳ್ಳಾಪುರದ್ದು. ಕೃದಂತದ ಭಾಷೆ, ಯತ್ತತ್ತುಗಳ ಭಾಷೆ, ಆಮೇಲೆ ಇಂಗ್ಲಿಷು. 1920ರಲ್ಲಿ ಪ್ರಕಟವಾದ ‘ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ’, 1934ರ ‘ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ’ ಮುಂತಾದ ಅವರ ಗ್ರಂಥಗಳ ಗದ್ಯವು ಕಾವ್ಯದ ಸೊಗಸನ್ನು ಬಯಸಿದುದಲ್ಲ, ಕಾರ್ಯವನ್ನು ಬಯಸಿದುದು. ಸಂಬಂಧವಾಕ್ಯಗಳನ್ನು ಹೆಣೆಹೆಣೆದು ಪಾಂಡಿತ್ಯವನ್ನು ತೋರುವ ಚಾಪಲ್ಯವು ಅದರಲ್ಲಿಲ್ಲ. ಔಪಚಾರಿಕ ಇಂಗ್ಲಿಷೆಂದರೆ ಒಂದು ವಾಕ್ಯದಲ್ಲಿ ಮೂರು ‘ವಿಚ್’ಗಳಿರಬೇಕೆಂದು ತಿಳಿದಿರುವ ವಿದ್ಯಾರ್ಥಿಗಳು ಅದನ್ನು ಓದಬೇಕು.

ಇನ್ನು ಅರ್ಥಕ್ಕೆ ನೇರವಾಗಿ ತಗಲುವ ವಿಷಯ. ವಿಶೇಷಣವು ಎರಡು ಬಗೆ. ಇತರರಿಂದ ಬೇರ್ಪಡಿಸುವುದು ವ್ಯಾವರ್ತಕ. ಇರುವ ಸ್ವರೂಪವನ್ನು ಹೇಳುವುದಷ್ಟೇ ಸ್ವರೂಪಕಥನ. ಕನ್ನಡದ ಕೃದಂತವು ಎರಡನ್ನೂ ಒಂದೇ ಉಡುಪಿನಲ್ಲಿ ಕಳುಹಿಸುತ್ತದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ‘ಹಣ ಕಟ್ಟಿದ ರೀಲರುಗಳು ಗೂಡನ್ನು ಸಾಗಿಸಬಹುದು’ ಎಂದು ಒಂದು ಸೂಚನೆಯಿದೆಯೆಂದು ಭಾವಿಸೋಣ. ಹಣ ಕಟ್ಟಿದವರು ಮಾತ್ರವೇ, ಅಥವಾ ಎಲ್ಲ ರೀಲರುಗಳೂ ಹಣ ಕಟ್ಟಿದ್ದಾರೆ, ಆದ್ದರಿಂದ ಎಲ್ಲರೂ ಸಾಗಿಸಬಹುದೆ? ಮಾರುಕಟ್ಟೆಯ ಸಂದರ್ಭವೇ ಅಲ್ಲಿ ನಿರ್ಣಯ ಹೇಳುತ್ತದೆ. ಇಂಗ್ಲಿಷಿನಲ್ಲಿ ‘ದಿ ರೀಲರ್ಸ್ ಹೂ ಹ್ಯಾವ್ ಪೇಯ್ಡ್’ ಎಂದು ತಡೆಯಿಲ್ಲದೆ ಬರೆದರೆ ಕಟ್ಟಿದವರು ಮಾತ್ರ; ‘ಹೂ’ ಶಬ್ದದ ಹಿಂದೆಯೂ ‘ಪೇಯ್ಡ್’ ಶಬ್ದದ ಮುಂದೆಯೂ ಅಲ್ಪವಿರಾಮವನ್ನಿಟ್ಟರೆ ಎಲ್ಲರೂ ಕಟ್ಟಿದವರೇ. ಒಂದು ಜೊತೆ ಅಲ್ಪವಿರಾಮಗಳಿಂದ ಹಣ ಕಟ್ಟದವನ ಕೈಗೂ ಗೂಡು ಹೋಗಬಹುದು. ಅಲ್ಪವಿರಾಮವು ಉಸಿರು ತೆಗೆದುಕೊಳ್ಳುವ ಜಾಗವೆಂದು ಕೆಳತರಗತಿಗಳಲ್ಲಿ ಹೇಳಿಕೊಡುವ ವಾಡಿಕೆಯು ಇಲ್ಲಿ ಮಾಡುವ ಹಾನಿ ಅಷ್ಟಿಷ್ಟಲ್ಲ.

ಅಂಕಿತನಾಮದ ವಿಷಯದಲ್ಲಿ ಇದೇ ದೋಷವು ಹಾಸ್ಯಕ್ಕೆ ಎಡೆಗೊಡುತ್ತದೆ. ‘ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು’ ಎಂಬುದು ಕನ್ನಡದಲ್ಲಿ ನಿರ್ದುಷ್ಟ. ಅದನ್ನು ಅಲ್ಪವಿರಾಮವಿಲ್ಲದೆ ಇಂಗ್ಲಿಷಿಗೆ ತಂದರೆ, ಬೇರೆ ಊರುಗಳಲ್ಲಿ ಹುಟ್ಟಿದ ಬೇರೆ ವಿಶ್ವೇಶ್ವರಯ್ಯನವರು ಇದ್ದು, ಅವರಲ್ಲಿ ಇವರನ್ನು ಆರಿಸಿದಂತಾಗುತ್ತದೆ. ಸ್ಕಂದಗಿರಿಯೂ ಒಂದೇ, ಅದಕ್ಕೆ ಹತ್ತುವ ವಿಶೇಷಣವೆಲ್ಲ ಸ್ವರೂಪಕಥನ, ಆದುದರಿಂದ ವಿರಾಮಚಿಹ್ನೆ ಕಡ್ಡಾಯ. ‘ಕೋಟೆಯಿರುವ ಬೆಟ್ಟ’ ಎಂದಾಗಲಾದರೋ ಸುತ್ತಲಿನ ಹಲವು ಬೆಟ್ಟಗಳಿಂದ ಬೇರ್ಪಡಿಸುವ ಮಾತು. ಅಲ್ಲಿ ವಿರಾಮವು ನಿಷಿದ್ಧ. ಬೇರ್ಪಡಿಸುವ ಕಡೆ ‘ದಟ್’, ಸ್ವರೂಪ ಹೇಳುವ ಕಡೆ ‘ವಿಚ್’ ಎಂದು ಹಂಚಿಕೊಂಡರೆ ಒಳ್ಳೆಯದೆಂದು ಫೌಲರನು 1926ರಲ್ಲಿ ಸಲಹೆಮಾಡಿದನು. ಎಲ್ಲರೂ ಹಾಗೆ ಬರೆಯುವುದಿಲ್ಲವೆಂದು ಅವನೇ ಒಪ್ಪಿಕೊಂಡನು. ಕಲಿಯುವವನಿಗೆ ಶಬ್ದಗಳ ಹಂಚಿಕೆಗಿಂತ ಚಿಹ್ನೆಯ ವಿವೇಕವೇ ಹೆಚ್ಚು ಉಪಯುಕ್ತ.

ಕನ್ನಡದಲ್ಲಿಯೇ ಇದಕ್ಕೊಂದು ಪರೀಕ್ಷೆಯುಂಟು. ವಿಶೇಷಣವನ್ನು ಕಿತ್ತು ‘ಅವನು’, ‘ಅದು’ ಎಂದು ಆರಂಭಿಸಿ ಬೇರೊಂದು ವಾಕ್ಯವಾಗಿ ಹೇಳಿನೋಡಬೇಕು. ‘ಸ್ಕಂದಗಿರಿಯು ಚಿಕ್ಕಬಳ್ಳಾಪುರದ ಸಮೀಪದಲ್ಲಿದೆ. ಅದರ ಮೇಲೆ ಕೋಟೆಯಿದೆ’ ಎಂದರೆ ಏನೂ ಕೆಡಲಿಲ್ಲ, ಇದು ಸ್ವರೂಪಕಥನ. ‘ರೀಲರುಗಳು ಗೂಡನ್ನು ಸಾಗಿಸಬಹುದು. ಅವರು ಹಣ ಕಟ್ಟಿದ್ದಾರೆ’ ಎಂದೊಡನೆ ಸೂಚನೆಯೇ ಮುರಿದುಬಿತ್ತು, ಇದು ವ್ಯಾವರ್ತಕ. ‘ಥ್ರೀ ಆಫ್ ಹೂಮ್’, ‘ಆಲ್ ಆಫ್ ವಿಚ್’ ಎಂಬ ಪ್ರೌಢಪ್ರಯೋಗಗಳು ಸಾಮಾನ್ಯವಾಗಿ ಸ್ವರೂಪಕಥನದ ಜಾತಿಗೆ ಸೇರಿದವು. ಕೃದಂತದಿಂದ ಅವುಗಳನ್ನು ಕನ್ನಡಿಸಲು ಹೊರಟವನು ತೊಡಕಿಗೆ ಬೀಳುತ್ತಾನೆ, ‘ಅವರಲ್ಲಿ ಮೂವರು’ ಎಂದು ಹೊಸ ವಾಕ್ಯವನ್ನು ತೊಡಗಿದವನು ಸುಖವಾಗಿ ದಾಟುತ್ತಾನೆ.

ಸನ್ನಿಧಿಯ ವಿಚಾರವನ್ನು ಒಂದೇ ಉದಾಹರಣೆಯಿಂದ ಮುಗಿಸಬಹುದು. ‘ದಿ ಮ್ಯಾಪ್ ಆಫ್ ದಿ ಫೀಲ್ಡ್ ವಿಚ್ ವಾಸ್ ಲಾಸ್ಟ್’ ಎಂದರೆ ಕಳೆದುಹೋದದ್ದು ನಕ್ಷೆಯೋ ಹೊಲವೋ? ವ್ಯಾಜ್ಯಗಳಲ್ಲಿ ಎರಡೂ ಕಳೆದುಹೋಗುವುದುಂಟು. ‘ಕಳೆದುಹೋದ ಹೊಲದ ನಕ್ಷೆ’ ಎಂಬ ಕನ್ನಡದಲ್ಲಿಯೂ ಅದೇ ಸಂದೇಹ. ಆದರೆ ‘ಹೊಲದ ಕಳೆದುಹೋದ ನಕ್ಷೆ’ ಎಂದು ಕೃದಂತವನ್ನು ಅತ್ತ ಸರಿಸಿದರೆ ಸಂದೇಹವು ಹೋಯಿತು. ಇಂಗ್ಲಿಷಿನ ಅಂಗವಾಕ್ಯವನ್ನು ಅಷ್ಟು ಸುಲಭವಾಗಿ ಸರಿಸಲಾಗದು, ರಚನೆಯನ್ನೇ ಬದಲಾಯಿಸಬೇಕು.

ಇಷ್ಟು ಇಂಗ್ಲಿಷಿನ ಪಕ್ಷ. ಕನ್ನಡದ ಪಕ್ಷದಲ್ಲಿ ಆಗುತ್ತಿರುವ ನಷ್ಟವು ಇದಕ್ಕಿಂತ ಕಡಿಮೆಯದಲ್ಲ. ಭಾಷಾಂತರದ ತರಗತಿಯಲ್ಲಿ ‘ಹೂ’ ಬಂದಲ್ಲೆಲ್ಲ ‘ಯಾವನು’, ‘ವಿಚ್’ ಬಂದಲ್ಲೆಲ್ಲ ‘ಯಾವುದು’ ಎಂದು ಹೇಳಿಕೊಟ್ಟುದರ ಫಲವಾಗಿ, ‘ಉಪ್ಪು ತಿಂದವನು ನೀರು ಕುಡಿಯಬೇಕು’ ಎಂಬ ಗಾದೆಯು ಇಂಗ್ಲಿಷಿಗೆ ಹೋಗಿ ಹಿಂದಿರುಗುವಾಗ ‘ಯಾವನು ಉಪ್ಪನ್ನು ತಿನ್ನುವನೋ ಅವನು ನೀರನ್ನು ಕುಡಿಯಬೇಕು’ ಎಂದಾಗಿ ಬರುತ್ತದೆ. ಗಾದೆಯ ಪ್ರಾಣ ಹೋಯಿತು. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬುದಕ್ಕೆ ಇದೇ ಸಂಸ್ಕಾರವನ್ನು ಮಾಡಿದರೆ ಕೇಳಬೇಕೆ! ಶಾಸನಗಳನ್ನು ನೋಡಿದರೂ ಕನ್ನಡದ ಸ್ವಭಾವವು ತಿಳಿಯುತ್ತದೆ. ಕ್ರಿ.ಶ. 450ರ ಸುಮಾರಿನದೆನ್ನುವ ಹಲ್ಮಿಡಿಯ ಶಾಸನದಲ್ಲಿ ದತ್ತಿಯನ್ನು ಅಳಿಯುವವನಿಗೆ ಪಾಪವನ್ನು ಹೇಳುವಾಗ ‘ಅೞಿವೊನ್ಗೆ’ ಎಂಬ ಒಂದೇ ಪದ ಸಾಕಾಗಿದೆ. ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟವಾಗಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಗಳಲ್ಲಿ ಆಗ ಆ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರದ ಸೀಮೆಯ ಶಾಸನಗಳೂ ಅಡಕವಾಗಿವೆ. ದಾನಶಾಸನಗಳ ಕೊನೆಯ ಶಾಪಾಶಯದಲ್ಲಿ ಸಂಸ್ಕೃತ ಶ್ಲೋಕವು ಯಚ್ಛಬ್ದದಿಂದ ನಡೆಯುವುದನ್ನೂ, ಕನ್ನಡದ ಮಾತು ‘ಅಳಿದವನು’ ಎಂದು ಒಂದೇ ಹೆಜ್ಜೆಯಲ್ಲಿ ಮುಗಿಯುವುದನ್ನೂ ಹೋಲಿಸಿ ನೋಡುವುದು ಯಾವ ವ್ಯಾಕರಣಪಾಠಕ್ಕೂ ಕಡಿಮೆಯಾದುದಲ್ಲ.

‘ಯಾವನು–ಅವನು’ ಎಂಬ ರಚನೆಯನ್ನು ಪೂರ್ಣವಾಗಿ ಬಹಿಷ್ಕರಿಸಬೇಕೆಂದು ಇದರ ಅರ್ಥವಲ್ಲ. ಶಾಸ್ತ್ರಗ್ರಂಥಗಳಲ್ಲಿ, ಲಕ್ಷಣವಾಕ್ಯಗಳಲ್ಲಿ, ವಿಶೇಷಣವು ಬಹಳ ಬೆಳೆದಲ್ಲಿ ಅದರಿಂದ ಉಪಕಾರವುಂಟು. ಕೃದಂತಕ್ಕೆ ಒಂದು ಮಿತಿಯಿದೆ: ನಾಮಪದವು ಕೊನೆಗೆ ಬರುವುದರಿಂದ ಕೇಳುವವನು ಅಷ್ಟು ಹೊತ್ತೂ ಉಸಿರು ಹಿಡಿದುಕೊಂಡಿರಬೇಕು. ಜ್ಯಾಕನು ಕಟ್ಟಿದ ಮನೆಯ ವಿಷಯವಾಗಿ ಇಂಗ್ಲಿಷ್ ಮಕ್ಕಳು ಹಾಡುವ ಹಾಡಿನಲ್ಲಿ ಸಂಬಂಧವಾಕ್ಯಗಳು ಒಂದರ ಬಾಲಕ್ಕೆ ಒಂದು ಹತ್ತಿ ಎಷ್ಟು ಬೆಳೆದರೂ ಮಗುವಿಗೆ ಆಯಾಸವಿಲ್ಲ. ಅದನ್ನೇ ಕೃದಂತಗಳಲ್ಲಿ ಕನ್ನಡಿಸಿದರೆ ಬೆಳವಣಿಗೆಯೆಲ್ಲ ತಲೆಯ ಕಡೆಗೆ. ನಾಲ್ಕನೆಯ ಸುತ್ತಿಗೆ ಮಗುವು ಎದ್ದುಹೋಗುತ್ತದೆ. ಈ ಮಿತಿಯನ್ನು ಮರೆತು ಕೃದಂತಗಳನ್ನು ಪೇರಿಸುವವರೂ ಇದ್ದಾರೆ. ಸಾಲದುದಕ್ಕೆ ‘ಮಾಡಿದಂತಹ ಕೆಲಸ’, ‘ಹೇಳಿದಂತಹ ಮಾತು’ ಎಂದು ಪ್ರತಿಯೊಂದಕ್ಕೂ ‘ಅಂತಹ’ವನ್ನು ಅಂಟಿಸುತ್ತಾರೆ. ವೇದಿಕೆಯ ಮೇಲೆ ಅದರಿಂದ ಗಾಂಭೀರ್ಯವು ಬರುತ್ತದೆಯೆಂದು ಅವರ ಭಾವನೆಯಿರಬಹುದು. ಅರ್ಥವಂತೂ ಒಂದು ಕೂದಲಿನಷ್ಟೂ ಬೆಳೆಯುವುದಿಲ್ಲ.

ಎರಡು ಪಕ್ಷಗಳೂ ಒಟ್ಟಿಗೆ ಸೇರುವ ಸ್ಥಳವೆಂದರೆ ಕಾಯಿದೆಯ ಭಾಷೆ. ಸಂವಿಧಾನದ 348ನೆಯ ಅನುಚ್ಛೇದದ ಪ್ರಕಾರ, ಪಾರ್ಲಿಮೆಂಟು ಬೇರೆ ವಿಧಿಸುವವರೆಗೆ, ಉಚ್ಚನ್ಯಾಯಾಲಯದ ವ್ಯವಹಾರಕ್ಕೂ ಕಾಯಿದೆಗಳ ಅಧಿಕೃತ ಪಾಠಕ್ಕೂ ಇಂಗ್ಲಿಷೇ ಭಾಷೆ. ಹಳ್ಳಿಯ ರೈತನ ಹಕ್ಕು ಎಷ್ಟೋ ಸಲ ಒಂದು ‘ಹೂ’ ಶಬ್ದದ ವ್ಯಾಪ್ತಿಯನ್ನು ಅವಲಂಬಿಸಿರುತ್ತದೆ. 1949ರ ನವೆಂಬರ್ 26ರಂದೇ ಜಾರಿಗೆ ಬಂದ 5ನೆಯ ಅನುಚ್ಛೇದವನ್ನು ನೋಡಬಹುದು. ಸಂವಿಧಾನದ ಪ್ರಾರಂಭದಲ್ಲಿ ಪೌರರಾದವರು ಯಾರೆಂಬುದನ್ನು ಅದು ಸಂಬಂಧವಾಕ್ಯಗಳಿಂದಲೇ ನಿರ್ಣಯಿಸುತ್ತದೆ: ಭಾರತದಲ್ಲಿ ಅಧಿವಾಸವಿರಬೇಕು, ಅದರೊಂದಿಗೆ ಇಲ್ಲಿ ಹುಟ್ಟಿರಬೇಕು, ಅಥವಾ ತಂದೆತಾಯಿಗಳಲ್ಲೊಬ್ಬರು ಇಲ್ಲಿ ಹುಟ್ಟಿರಬೇಕು, ಅಥವಾ ಪ್ರಾರಂಭಕ್ಕೆ ನಿಕಟಪೂರ್ವದಲ್ಲಿ ಐದು ವರ್ಷಕ್ಕೆ ಕಡಿಮೆಯಿಲ್ಲದೆ ಇಲ್ಲಿ ವಾಸಮಾಡಿರಬೇಕು. ಮೊದಲನೆಯ ‘ಹೂ’ ಎಲ್ಲರಿಗೂ ಹತ್ತುತ್ತದೆ. ಮುಂದಿನ ಮೂರು ಪರಸ್ಪರ ವಿಕಲ್ಪಗಳು. ಮಧ್ಯದ ವಿಕಲ್ಪದಲ್ಲಿ ‘ಹೂಸ್’ ಬಂದು ವಿಭಕ್ತಿಯು ಬದಲಾಗುತ್ತದೆ. ಎಲ್ಲವೂ ವ್ಯಾವರ್ತಕ. ಪ್ರೌಢವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ಹುಡುಕುವುದು ಕಷ್ಟ. ಕನ್ನಡಕ್ಕೆ ಅದನ್ನು ತರುವಾಗ ‘ಯಾವನ ತಂದೆತಾಯಿಗಳಲ್ಲಿ ಯಾವನೊಬ್ಬನು’ ಎಂದು ತಿಣುಕಬೇಕಾದುದೂ ಇಲ್ಲ. ‘ತಂದೆ ಸತ್ತ ಹುಡುಗ’ ಎಂದು ಹಳ್ಳಿಯವನು ಹೇಳುವ ರೀತಿಯಲ್ಲಿಯೇ ‘ತಂದೆತಾಯಿಗಳಲ್ಲೊಬ್ಬರು ಭಾರತದಲ್ಲಿ ಹುಟ್ಟಿದ ವ್ಯಕ್ತಿ’ ಎಂದರೆ ಷಷ್ಠಿಯು ಕಾಣದೆಯೇ ತನ್ನ ಕೆಲಸವನ್ನು ಮಾಡಿಕೊಂಡು ಹೋಗುತ್ತದೆ.